ಗೊರಕೆ ಕೇಳಿಸ್ತಿತ್ತು, ನಾನು ಎದ್ದಿದ್ದೆ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

"ಮೇಡಂ, ನಾನು ನಿದ್ದೆ ಮಾಡಿ ಮೂರು ತಿಂಗಳಾಯ್ತು." ಸಲಹೆ ಕೇಳಲು ನನ್ನ ಹತ್ತಿರ ಬಂದು ಕೂತ ಕೂಡಲೇ ಅವರು ಹೇಳಿದ್ದು ಇದು. ನಲವತ್ತರ ಆಸುಪಾಸಿನ ಹೈಸ್ಕೂಲ್ ಗಣಿತದ ಟೀಚರ್. ಜೊತೆಗಿದ್ದ ಯಜಮಾನರು ಸುಮ್ನೆ ಮೊಬೈಲ್ ತೆಗೆದು ಮೇಜಿನ ಮೇಲಿಟ್ಟರು. ರಾತ್ರಿ ಎರಡೂವರೆಗೆ ರೆಕಾರ್ಡ್ ಮಾಡಿದ ಗೊರಕೆ. "ಇವಳದ್ದೇ" ಎಂದರು. ಟೀಚರ್ ಕಣ್ಣು ತುಂಬಿಕೊಂಡವು. "ಆ ಗೊರಕೆ ನನಗೂ ಕೇಳಿಸ್ತಿತ್ತು ಮೇಡಂ. ಮೈ ಮಲಗಿತ್ತು, ನಾನು ಎದ್ದಿದ್ದೆ."

ಇಬ್ಬರ ಮಾತೂ ನಿಜವೇ ಇತ್ತು.

ಬೇಸಿಗೆ ರಜೆಯಲ್ಲಿ ಅವರು ಹತ್ತು ದಿನದ ವಿಪಶ್ಯನ ಶಿಬಿರಕ್ಕೆ ಹೋಗಿದ್ದರು. ಬೆಳಗಿನ ಜಾವ 4ಕ್ಕೆ ಏಳುವುದು, ಮೌನ, ದಿನಕ್ಕೆ ಹತ್ತು ಗಂಟೆಯಷ್ಟು ಧ್ಯಾನ. ಮನೆಗೆ ಬಂದ ಮೇಲೆ ರಾತ್ರಿ ಊಟ ಮುಗಿಸಿ ಒಂದೂವರೆ ಗಂಟೆ ಕೂರುತ್ತಿದ್ದರು. ಆಮೇಲೆ ಮಲಗಿಕೊಂಡೇ ಉಸಿರು ನೋಡುತ್ತಾ, ನಿದ್ದೆ ಯಾವ ಗಳಿಗೆಯಲ್ಲಿ ಬರುತ್ತದೆ ಎಂದು ಕಾಯುವುದು. ಕ್ರಮೇಣ ಕನಸಿನಲ್ಲಿ 'ಇದು ಕನಸು' ಎಂದು ಗೊತ್ತಾಗತೊಡಗಿತು. ಒಂದು ಬೆಳಗಿನ ಜಾವ ಎಚ್ಚರವಾದರೂ ಕೈಕಾಲು ಅಲ್ಲಾಡಲಿಲ್ಲ. ಅಮ್ಮ ಗಾಳಿ ಸೋಕಿದೆ ಎಂದರು. ಧ್ಯಾನದ ಗೆಳತಿ ಇದು ತುರೀಯ, ಎಚ್ಚರ, ಕನಸು, ಗಾಢ ನಿದ್ದೆ ಮೂರನ್ನೂ ಮೀರಿದ ನಾಲ್ಕನೇ ಸ್ಥಿತಿ ಎಂದರು. ಪಾಪ, ಇವರು ನಡುವೆ ಸಿಕ್ಕಿಕೊಂಡರು.

ನಾನು ಮೊದಲು ಕೇಳಿದ್ದು ಬೇರೆಯದನ್ನು. ನಿದ್ದೆ ಇಲ್ಲದಿದ್ದರೂ ದಣಿವೇ ಆಗುತ್ತಿಲ್ಲವಾ? ಮಾತು, ಖರ್ಚು, ಉತ್ಸಾಹ ಎಲ್ಲ ಜಾಸ್ತಿಯಾಗಿದೆಯಾ? ಮನೆತನದಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಇತ್ತಾ? ಗೊರಕೆಯ ಮಧ್ಯೆ ಉಸಿರು ನಿಲ್ಲುತ್ತದಾ? ಒಂದಕ್ಕೆ ಹೌದು ಎಂದಿದ್ದರೂ ಮೊದಲು ಡಾಕ್ಟರ ಹತ್ತಿರ ಕಳಿಸುತ್ತಿದ್ದೆ. ಎಲ್ಲಕ್ಕೂ ಇಲ್ಲ ಎಂದರು.

ಗಣಿತದವರಲ್ವಾ, ಆಧಾರ ಕೇಳಿದರು. ಹೇಳಿದೆ. 1975ರಲ್ಲಿ ಇಂಗ್ಲೆಂಡಿನಲ್ಲಿ ಕೀತ್ ಹರ್ನ್ ಎಂಬ ಸಂಶೋಧಕರ ಪ್ರಯೋಗದಲ್ಲಿ, ಮಲಗಿದ್ದ ವ್ಯಕ್ತಿಯೊಬ್ಬರು ಮೊದಲೇ ಮಾತಾಡಿಕೊಂಡಂತೆ ಕಣ್ಣುಗುಡ್ಡೆ ಎಡಬಲ ಹೊರಳಿಸಿ, ಕನಸಿನೊಳಗಿಂದಲೇ ಗುರುತು ಕೊಟ್ಟಿದ್ದರು. 1997ರ ಒಂದು ಅಧ್ಯಯನದಲ್ಲಿ, ವರ್ಷಗಟ್ಟಲೆ ಧ್ಯಾನ ಮಾಡಿದವರ ಮಿದುಳಿನಲ್ಲಿ ಗಾಢ ನಿದ್ದೆಯ ಅಲೆಗಳ ಜೊತೆಗೇ ಹಗುರ ಎಚ್ಚರದ ಅಲೆಗಳೂ ಕಂಡಿದ್ದವು. ಅಂದರೆ ಮೈಗೆ ನಿದ್ದೆ ಆಗುತ್ತಿರುವಾಗಲೇ ಒಂದಿಷ್ಟು ಅರಿವು ಉಳಿಯಬಹುದು. ಇನ್ನು ಕೈಕಾಲು ಕಟ್ಟಿದಂತಾಗಿದ್ದು ಗಾಳಿಯಲ್ಲ. ಕನಸಿನ ನಿದ್ದೆಯಲ್ಲಿ ಮಿದುಳೇ ಸ್ನಾಯುಗಳನ್ನು ಸಡಿಲ ಬಿಟ್ಟಿರುತ್ತದೆ. ಅರಿವು ಮೊದಲು ಎದ್ದು, ಮೈ ತಡವಾಗಿ ಎದ್ದಿತು, ಅಷ್ಟೇ.

ತುರೀಯವೋ ಅಲ್ಲವೋ, ಅದನ್ನು ಹೇಳಲು ನಾನು ಯಾರು? ನಾನು ನೋಡುವುದು ಹಗಲನ್ನು. ಹಗಲು ಅವರು ಚಾಕ್ ಹಿಡಿದು, ಮುಂದಿನ ಸ್ಟೆಪ್ ಹೊಳೆಯದೆ ಬೋರ್ಡ್ ಮುಂದೆ ನಿಂತುಬಿಟ್ಟಿದ್ದರು. ಮಕ್ಕಳು ಪಿಸುಗುಟ್ಟಿದ್ದು ಕೇಳಿಸಿತಂತೆ. ಇದು ನನಗೆ ಮುಖ್ಯ. ನಿದ್ದೆಯನ್ನು ಕಾವಲು ಕಾಯುತ್ತಾ ಕೂತರೆ ಅದು ಆಳಕ್ಕೆ ಇಳಿಯುವುದೇ ಕಷ್ಟ.

ಧ್ಯಾನದ ಮಾತೆತ್ತಿದ ಕೂಡಲೇ ಅವರ ಮುಖ ಸಣ್ಣದಾಯಿತು. "ಮದುವೆಯಾದ ಮೇಲೆ ನನ್ನದು ಅಂತ ಆಗಿದ್ದು ಇದೊಂದೇ ಮೇಡಂ. ಇದನ್ನೂ ಬಿಡು ಅಂತೀರಾ?" ಯಜಮಾನರು ತಲೆ ತಗ್ಗಿಸಿದರು. ನಾನೂ ಸ್ವಲ್ಪ ಹೊತ್ತು ಸುಮ್ಮನಿದ್ದೆ.

ಬಿಡಿ ಎಂದು ಹೇಳಲಿಲ್ಲ. ಬೆಳಿಗ್ಗೆಗೆ ತನ್ನಿ ಎಂದೆ, ಇಪ್ಪತ್ತೇ ನಿಮಿಷ, ಕಣ್ಣು ಅರ್ಧ ತೆರೆದು. ರಾತ್ರಿ ಉಸಿರು ನೋಡುವುದು ಬೇಡ, ಹಾಸಿಗೆ ಮಲಗೋದಕ್ಕೆ ಮಾತ್ರ. ಎಚ್ಚರ ಬಂದರೆ ಬರಲಿ, ಓಡಿಸಬೇಡಿ, ಹಿಂಬಾಲಿಸಲೂ ಬೇಡಿ, ಮಗ್ಗುಲು ಬದಲಿಸಿ. ತುಂಬಾ ಹೊತ್ತು ನಿದ್ದೆ ಹತ್ತದಿದ್ದರೆ ಎದ್ದು ಹಾಲ್‌ನಲ್ಲಿ ಕೂತುಬಿಡಿ. ನಿದ್ದೆ ಲೆಕ್ಕ ಹಾಕುವ ವಾಚು ಬೀರುವಿಗೆ ಹೋಗಲಿ. ಮುಂದಿನ ಶಿಬಿರ ಸದ್ಯಕ್ಕೆ ಬೇಡ. ಅಡುಗೆಮನೆಯ ಬೆಳಗಿನ ಇಪ್ಪತ್ತು ನಿಮಿಷ ಯಜಮಾನರದ್ದು. ಇದನ್ನು ಅವರ ಬಾಯಿಂದಲೇ ಹೇಳಿಸಿದೆ. ನಿದ್ದೆಯೇ ಬೇಡ ಅನ್ನಿಸುವಷ್ಟು ಹುರುಪು ಬಂದರೆ, ಇಲ್ಲದ ದನಿ ಕೇಳಿಸಿದರೆ ಕಾಯಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ ಎಂದು ಚೀಟಿಯಲ್ಲಿ ಬರೆದುಕೊಟ್ಟೆ.

ಆರು ವಾರ ಬಿಟ್ಟು ಒಬ್ಬರೇ ಬಂದರು. ಎಚ್ಚರ ಪೂರ್ತಿ ಹೋಗಿಲ್ಲ. ಹಿಂದಿನ ವಾರ ಕನಸಿನಲ್ಲಿ ತವರಿನ ಬಾವಿಕಟ್ಟೆ ಮೇಲೆ ಕೂತಿದ್ದರಂತೆ. ಇದು ಕನಸು ಅಂತ ಗೊತ್ತಾಯಿತಂತೆ. "ಆಮೇಲೆ?" ಎಂದೆ.

"ಆಮೇಲೆ ನೆನಪಿಲ್ಲ ಮೇಡಂ. ಎದ್ದಾಗ ಕಾಫಿ ವಾಸನೆ ಬರ್ತಿತ್ತು."