ಜಿಂಪ್ 3ರಲ್ಲಿ ಹೀಲ್ ಸೆಲೆಕ್ಷನ್ ಕಾಣುತ್ತಿಲ್ಲ, ಅಜ್ಜಿಯ ಮದುವೆ ಫೋಟೊ ಸರಿಮಾಡುವುದು ಹೇಗೆ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಚಿಂತಾಮಣಿಯ ಮನೆಯಲ್ಲಿ ಟ್ರಂಕು ಖಾಲಿ ಮಾಡುವಾಗ ಅಜ್ಜಿಯ ಮದುವೆ ಫೋಟೊ ಸಿಕ್ಕಿದೆ. ಕಪ್ಪು ಬಿಳುಪು, 4 ಇಂಚು 6 ಇಂಚಿನದು. ಮಧ್ಯೆ ಮಡಚಿ ಮೇಲಿಂದ ಕೆಳಗೆ ಬಿರುಕು ಬಿದ್ದಿದೆ, ಒಂದು ಮೂಲೆಯಲ್ಲಿ ಹಳದಿ ಕಲೆ. ಅಜ್ಜಿಗೆ 80 ತುಂಬುವ ದಿನ ದೊಡ್ಡದು ಮಾಡಿಸಿ ಕೊಡಬೇಕು ಅಂತ ಆಸೆ. ಅದಕ್ಕೇ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಫೋಟೊ ತಿದ್ದುವ ಜಿಂಪ್ 3 ತಂತ್ರಾಂಶ ಹಾಕಿಕೊಂಡಿದ್ದೀರಿ. ಆದರೆ ಯೂಟ್ಯೂಬ್‌ನಲ್ಲಿ ತೋರಿಸಿದ 'ಹೀಲ್ ಸೆಲೆಕ್ಷನ್' ನಿಮ್ಮ ಮೆನುವಿನಲ್ಲಿ ಇಲ್ಲ. ಎರಡು ಕಡೆ ಕೇಳಿದರೂ ಯಾರೂ ಉತ್ತರ ಕೊಡಲಿಲ್ಲ.

ನಾನು ಕೋಲಾರದಲ್ಲಿ ಸಣ್ಣ ಸ್ಟುಡಿಯೊ ನಡೆಸುತ್ತೇನೆ. ಮುಳಬಾಗಿಲು, ಬಂಗಾರಪೇಟೆ, ಕೆಜಿಎಫ್ ಕಡೆಯಿಂದ ಜನ ಹಳೇ ಫೋಟೊ ತರುತ್ತಾರೆ. ನನಗೆ ತುಂಬಾ ಇಷ್ಟವಾದ ಕೆಲಸ ಇದು. ಗೊತ್ತಿರುವಷ್ಟು ಬರೆಯುತ್ತೇನೆ.

ಮೊದಲು ಪ್ಲಗಿನ್, ಅಂದರೆ ಜಿಂಪ್ ಒಳಗೆ ಹೊರಗಿನಿಂದ ಸೇರಿಸುವ ಸಣ್ಣ ತಂತ್ರಾಂಶದ ವಿಷಯ. ಹೀಲ್ ಸೆಲೆಕ್ಷನ್ ಜಿಂಪ್ ಜೊತೆಗೆ ಬರುವುದಿಲ್ಲ. ಅದು ರೀಸಿಂಥಸೈಜರ್ ಅನ್ನುವ ಬೇರೆ ಪ್ಲಗಿನ್‌ನ ಭಾಗ. ಪಾಲ್ ಹ್ಯಾರಿಸನ್ ಅನ್ನುವವರು ಬಹಳ ಹಿಂದೆಯೇ ಬರೆದದ್ದು. 2010ರಲ್ಲಿ ಫೋಟೊಶಾಪ್ ಸಿಎಸ್5 ಜೊತೆ ಕಂಟೆಂಟ್ ಅವೇರ್ ಫಿಲ್ ಬಂದಾಗ, ಇಂಥದ್ದೇ ಕೆಲಸವನ್ನು ಜಿಂಪ್ ಬಳಸುವವರು ಅದಕ್ಕೂ ಮೊದಲೇ ಮಾಡುತ್ತಿದ್ದರು. ನೀವು ಆರಿಸಿದ ಜಾಗದ ಸುತ್ತ ಏನಿದೆ ಅಂತ ನೋಡಿ, ಅಲ್ಲಿಂದ ಚೂರು ಚೂರು ತಂದು ತುಂಬುತ್ತದೆ, ಅಷ್ಟೇ.

ನೀವು ನೋಡಿದ ವಿಡಿಯೊ 2.10 ಆವೃತ್ತಿಯದು ಅನ್ನಿಸುತ್ತದೆ. 2.10 ಬಂದದ್ದು 2018ರಲ್ಲಿ, 3.0 ಬಂದದ್ದು 2025ರ ಮಾರ್ಚ್‌ನಲ್ಲಿ. ನಡುವಿನ ಏಳು ವರ್ಷ ಎಲ್ಲರೂ ವಿಡಿಯೊ ಮಾಡಿದ್ದು 2.10 ಇಟ್ಟುಕೊಂಡೇ. ಆಗಿನ ಪ್ಲಗಿನ್‌ಗಳಲ್ಲಿ ಬಹಳಷ್ಟು ಪೈಥಾನ್ 2 ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದವು. ಜಿಂಪ್ 3 ಪೈಥಾನ್ 3ಕ್ಕೆ ಬಂದಿದೆ. ಹಾಗಾಗಿ ಹಳೆಯದನ್ನು ತಂದು ಹಾಕಿದರೆ ಕೆಲಸ ಮಾಡುವುದಿಲ್ಲ, ಮೆನುವಿನಲ್ಲಿ ಕಾಣುವುದೂ ಇಲ್ಲ. ನಿಮ್ಮ ತಪ್ಪೇನೂ ಇಲ್ಲ. ಜಿಂಪ್ 3ಕ್ಕೆ ಅಂತಲೇ ಮಾಡಿದ ರೀಸಿಂಥಸೈಜರ್ ಇಳಿಸಿಕೊಳ್ಳಿ. ಇಳಿಸುವ ಮೊದಲು ಆ ಪುಟದಲ್ಲಿ 3 ಅಂತ ಬರೆದಿದೆಯಾ ನೋಡಿಕೊಳ್ಳಿ.

ಇಳಿಸಿದ ಮೇಲೂ ಎಡವುವ ಜಾಗ ಒಂದಿದೆ. ಎಡಿಟ್ ಮೆನುವಿನಲ್ಲಿ ಪ್ರಿಫರೆನ್ಸಸ್ ತೆಗೆದು, ಕೊನೆಯಲ್ಲಿರುವ ಫೋಲ್ಡರ್ಸ್ ಒಳಗೆ ಪ್ಲಗ್-ಇನ್ಸ್ ಒತ್ತಿ. ಎರಡು ದಾರಿ ಕಾಣುತ್ತವೆ. ನಿಮ್ಮ ಹೆಸರಿರುವ ದಾರಿಯ ಫೋಲ್ಡರ್ ತೆರೆಯಿರಿ. ಅದರಲ್ಲಿ ಪ್ರತಿ ಪ್ಲಗಿನ್‌ಗೂ ಅದರದೇ ಫೋಲ್ಡರ್ ಇರಬೇಕು. ಫೋಲ್ಡರಿನ ಹೆಸರು, ಒಳಗಿನ ಮುಖ್ಯ ಫೈಲಿನ ಹೆಸರು ಎರಡೂ ಒಂದೇ ಆಗಿರಬೇಕು. ಜಿಪ್ ಬಿಚ್ಚುವಾಗ ವಿಂಡೋಸ್ ಒಂದು ಫೋಲ್ಡರಿನೊಳಗೆ ಇನ್ನೊಂದು ಫೋಲ್ಡರ್ ಮಾಡಿಬಿಡುತ್ತದೆ. ಹಾಗಾದರೆ ಜಿಂಪ್‌ಗೆ ಅದು ಸಿಗುವುದಿಲ್ಲ. ಒಳಗಿನ ಫೋಲ್ಡರನ್ನು ಒಂದು ಮೆಟ್ಟಿಲು ಹೊರಗೆ ತನ್ನಿ. ಜಿಂಪ್ ಮುಚ್ಚಿ ಮತ್ತೆ ತೆರೆಯಿರಿ. ಫಿಲ್ಟರ್ಸ್ ಮೆನುವಿನ ಎನ್‌ಹ್ಯಾನ್ಸ್ ಒಳಗೆ ಹೀಲ್ ಸೆಲೆಕ್ಷನ್ ಬರಬೇಕು. ಇನ್ನೊಂದು ಮಾತು: ಈ ಪ್ಲಗಿನ್‌ನಲ್ಲಿ ಕೆಲಸ ಮಾಡುವ ಎಂಜಿನ್ ಬೇರೆ, ಮೆನುವಿನಲ್ಲಿ ಕಾಣುವ ಸ್ಕ್ರಿಪ್ಟ್ ಬೇರೆ. ಎರಡೂ ಬೇಕು. ಒಂದನ್ನೇ ಹಾಕಿ ಒದ್ದಾಡಿದವರನ್ನು ನಾನು ನೋಡಿದ್ದೇನೆ.

ಈಗ ಫೋಟೊಗೆ ಬರೋಣ. ಸ್ಕ್ಯಾನ್ ಸರಿ ಇಲ್ಲದಿದ್ದರೆ ಯಾವ ಪ್ಲಗಿನ್ ಹಾಕಿದರೂ ಉಪಯೋಗವಿಲ್ಲ.

ಜೆರಾಕ್ಸ್ ಅಂಗಡಿಯಲ್ಲಿ ಸುಮ್ನೆ 'ಸ್ಕ್ಯಾನ್ ಮಾಡಿ' ಅಂದರೆ ಆಧಾರ್ ಕಾರ್ಡಿಗೆ ಮಾಡುವ ಹಾಗೆ ಪಿಡಿಎಫ್ ಮಾಡಿ ಕೊಡುತ್ತಾರೆ. ನೀವು ಹೇಳಿ ಮಾಡಿಸಬೇಕು. 600 ಡಿಪಿಐ (ಇಂಚಿಗೆ 600 ಚುಕ್ಕೆ), ಕಲರ್, ಟಿಫ್ ಅಥವಾ ಪಿಎನ್‌ಜಿ ಫೈಲು. 4 ಇಂಚು 6 ಇಂಚಿನ ಫೋಟೊ ಆಗ 2400 ಗುಣಿಸು 3600 ಪಿಕ್ಸೆಲ್ ಆಗುತ್ತದೆ. ಅದನ್ನೇ 12 ಇಂಚು 18 ಇಂಚಿಗೆ ಪ್ರಿಂಟ್ ಹಾಕಿಸಿದರೂ ಇಂಚಿಗೆ 200 ಪಿಕ್ಸೆಲ್ ಉಳಿಯುತ್ತದೆ. ಗೋಡೆಗೆ ಹಾಕುವ ಫೋಟೊಗೆ ಅಷ್ಟು ಸಾಕು. ಮುಂಚೆ ಫೋಟೊವನ್ನು ಬಟ್ಟೆಯಲ್ಲಿ ಒರೆಸಬೇಡಿ. ಕೆಜಿಎಫ್‌ನಿಂದ ಬರುವ ಫೋಟೊಗಳ ಮೇಲೆ ಚಿನ್ನದ ಗಣಿಯ ಕಸದ ಸೈನೈಡ್ ದಿಬ್ಬದ ನುಣ್ಣನೆ ಧೂಳು ಕೂತಿರುತ್ತದೆ. ಒರೆಸಿದರೆ ಅದೇ ಮರಳು ಕಾಗದದ ಹಾಗೆ ಗೀರು ಹಾಕುತ್ತದೆ. ಮೃದುವಾದ ಬ್ರಷ್‌ನಲ್ಲಿ ಮೆಲ್ಲಗೆ ತಳ್ಳಿದರೆ ಸಾಕು.

ಕಪ್ಪು ಬಿಳುಪು ಫೋಟೊಗೆ ಕಲರ್ ಸ್ಕ್ಯಾನ್ ಯಾಕೆ ಅಂತ ಕೇಳಬಹುದು. ನಿಮ್ಮ ಹಳದಿ ಕಲೆಗೆ ಅದೇ ಮದ್ದು. ಹಳದಿ ಬಣ್ಣ ನೀಲಿ ಬೆಳಕನ್ನು ನುಂಗುತ್ತದೆ, ಕೆಂಪನ್ನು ವಾಪಸ್ ಬಿಡುತ್ತದೆ. ಕಲರ್ ಫೋಟೊದಲ್ಲಿ ಕೆಂಪು, ಹಸಿರು, ನೀಲಿ ಬೆಳಕಿಗೆ ಒಂದೊಂದು ಪಾಲು ಇರುತ್ತದೆ, ಅದೇ ಚಾನೆಲ್. ಅಂದರೆ ಕಲೆ ನೀಲಿ ಚಾನೆಲ್‌ನಲ್ಲಿ ಕಪ್ಪಗೆ ಕಾಣುತ್ತದೆ, ಕೆಂಪು ಚಾನೆಲ್‌ನಲ್ಲಿ ತೆಳುವಾಗುತ್ತದೆ. ಕೆಲವು ಸಲ ಪೂರ್ತಿ ಮಾಯ. ಕಲರ್ಸ್ ಮೆನುವಿನಲ್ಲಿ ಕಾಂಪೊನೆಂಟ್ಸ್, ಅದರೊಳಗೆ ಡಿಕಂಪೋಸ್ ಒತ್ತಿ ಆರ್‌ಜಿಬಿ ಆರಿಸಿ. ಮೂರು ಕಪ್ಪು ಬಿಳುಪು ಲೇಯರ್ (ಒಂದರ ಮೇಲೊಂದು ಇಟ್ಟ ಹಾಳೆಯಂಥ ಪದರ) ಬರುತ್ತವೆ. ಕೆಂಪಿನದನ್ನು ಇಟ್ಟುಕೊಂಡು ಮಿಕ್ಕೆರಡನ್ನು ತೆಗೆಯಿರಿ. ಗಂಟೆಗಟ್ಟಲೆ ಕಲೆ ಉಜ್ಜುವ ಕೆಲಸ ಒಂದೇ ಏಟಿಗೆ ಮುಗಿದಿರುತ್ತದೆ. ಮೊದಲ ಸಲ ಇದನ್ನು ನೋಡಿದಾಗ ನನಗೆ ಆದ ಖುಷಿ ಇವತ್ತಿಗೂ ನೆನಪಿದೆ.

ಆಮೇಲೆ ಅದೇ ಕಲರ್ಸ್ ಮೆನುವಿನ ಲೆವೆಲ್ಸ್, ಅಂದರೆ ಕಪ್ಪು, ಬಿಳುಪು ಎಷ್ಟಿರಬೇಕು ಅಂತ ಹೊಂದಿಸುವುದು. ಗುಡ್ಡದ ಹಾಗೆ ಕಾಣುವ ಗ್ರಾಫಿನ ಎರಡೂ ಬದಿಯ ತ್ರಿಕೋನಗಳನ್ನು ಗುಡ್ಡದ ಬುಡಕ್ಕೆ ತಂದು ನಿಲ್ಲಿಸಿ. ಜಾಸ್ತಿ ಎಳೆದರೆ ಅಜ್ಜನ ಪಂಚೆಯ ನೆರಿಗೆ ಮಾಯವಾಗಿ ಬಿಳಿ ಹಾಳೆ ಆಗುತ್ತದೆ.

ಇನ್ನು ಬಿರುಕು. ಲೇಯರನ್ನು ಮೊದಲು ಡೂಪ್ಲಿಕೇಟ್ ಮಾಡಿ. ಮೂಲವನ್ನು ಕೆಳಗೆ ಹಾಗೇ ಬಿಡಿ, ಅದನ್ನು ಮುಟ್ಟಲೇಬೇಡಿ. ಬಿರುಕನ್ನು ಮೇಲಿಂದ ಕೆಳಗೆ ಒಂದೇ ಸಲ ಆರಿಸಬೇಡಿ. ತುಂಡು ತುಂಡಾಗಿ ಮಾಡಿ. ಗೋಡೆಯ ಮೇಲಿರುವಷ್ಟು ಒಂದು ತುಂಡು, ಪರದೆಯ ಮೇಲಿರುವಷ್ಟು ಇನ್ನೊಂದು, ಸೀರೆಯದು ಮತ್ತೊಂದು. ಗೋಡೆ, ಸೀರೆ ಎರಡನ್ನೂ ಒಟ್ಟಿಗೆ ಆರಿಸಿದರೆ ಸೀರೆಯ ಹೂವು ತಂದು ಗೋಡೆಗೆ ಅಂಟಿಸುತ್ತದೆ. ಲ್ಯಾಸೊದಲ್ಲಿ (ಜಿಂಪ್ ಅದನ್ನು ಫ್ರೀ ಸೆಲೆಕ್ಟ್ ಟೂಲ್ ಅನ್ನುತ್ತದೆ) ಬಿರುಕಿನ ಅಂಚಿಗೆ ಗುರುತು ಹಾಕಿ, ಸೆಲೆಕ್ಟ್ ಮೆನುವಿನ ಗ್ರೋ ಒತ್ತಿ ಮೂರು ನಾಲ್ಕು ಪಿಕ್ಸೆಲ್ ಹಿಗ್ಗಿಸಿ. ಇಲ್ಲದಿದ್ದರೆ ಬಿರುಕಿನ ಬಿಳಿ ಅಂಚು ಉಳಿದುಬಿಡುತ್ತದೆ. ಹೀಲ್ ಸೆಲೆಕ್ಷನ್ ತೆರೆದಾಗ ಸುತ್ತ ಎಷ್ಟು ದೂರದಿಂದ ತರಬೇಕು ಅಂತ ಕೇಳುತ್ತದೆ. ಅಲ್ಲಿ ಮೊದಲೇ ಇರುವ 50 ಅಂದರೆ 600 ಡಿಪಿಐನಲ್ಲಿ ಸುಮಾರು 2 ಮಿಲಿಮೀಟರ್ ಅಷ್ಟೇ. ನಿಮ್ಮ ಬಿರುಕಿಗೆ ಸಾಕು. ಎಲ್ಲಿಂದ ತರಬೇಕು ಅನ್ನುವ ಕಡೆ 'ಸೈಡ್ಸ್' ಆರಿಸಿ. ನಿಮ್ಮದು ನೆಟ್ಟಗೆ ಇಳಿದ ಬಿರುಕು, ಎಡಬಲದಿಂದ ತಂದರೇ ಚೆನ್ನಾಗಿ ಕೂರುತ್ತದೆ.

ಸೀರೆಯ ಅಂಚು ಕಪ್ಪು ಕೋಟಿಗೆ ತಾಗುವ ಕಡೆ ಪ್ಲಗಿನ್ ಬಿಟ್ಟು ಕೈಯಲ್ಲಿ ಮಾಡಿ. ಅಲ್ಲಿ ಜಿಂಪ್ ಒಳಗೇ ಇರುವ, ಬ್ರಷ್ ಹಾಗೆ ಬಳಿಯುವ ಹೀಲ್ ಟೂಲ್ ಕೂಡ ಬೇಡ. ಅದು ಕಪ್ಪು, ಬಿಳಿ ಎರಡನ್ನೂ ಕಲಸಿ ಬೂದಿ ಬಣ್ಣದ ಮಸಿ ಮಾಡುತ್ತದೆ. ಕ್ಲೋನ್ ಟೂಲ್ ತೆಗೆದುಕೊಳ್ಳಿ. ಸಣ್ಣ ಬ್ರಷ್, ಅಂಚು ಗಟ್ಟಿ ಇರಲಿ. ಕಂಟ್ರೋಲ್ ಒತ್ತಿಕೊಂಡು ಅದೇ ಅಂಚಿನ ಚೆನ್ನಾಗಿರುವ ಜಾಗ ಒತ್ತಿ, ಅಲ್ಲಿಂದ ಎಳೆಯಿರಿ. ಒಂದು ಅಂಗುಲ ಅಂಚಿಗೆ ನನಗೆ ಅರ್ಧ ಗಂಟೆ ಹಿಡಿದದ್ದುಂಟು. ಆತುರ ಪಡಬೇಡಿ.

ಮುಖದ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ನಾನು ಈ ಉತ್ತರ ಬರೆಯಲು ಕೂತದ್ದೇ ಅದಕ್ಕೆ.

ಕೆಲವು ವರ್ಷದ ಹಿಂದೆ ಶ್ರೀನಿವಾಸಪುರದ ಕಡೆಯ ಒಬ್ಬ ವಯಸ್ಸಾದ ಹೆಂಗಸು ತಮ್ಮ ತಾಯಿಯ ಫೋಟೊ ತಂದಿದ್ದರು. ತಾಯಿಯದು ಅಂತ ಉಳಿದಿದ್ದ ಒಂದೇ ಫೋಟೊ ಅದು. ಮೈತುಂಬ ಬಿಳಿ ಚುಕ್ಕೆ. ನಾನು ಸ್ಕ್ಯಾನರಿನ ಡಸ್ಟ್ ರಿಮೂವಲ್ ಹಾಕಿದೆ. ಉಳಿದ ಚುಕ್ಕೆಗಳನ್ನು ಒಂದೊಂದಾಗಿ ಹೀಲ್ ಮಾಡಿದೆ. ಮುಖ ತೊಳೆದ ಹಾಗೆ ಸ್ವಚ್ಛವಾಯಿತು. ಪ್ರಿಂಟ್ ಅವರ ಕೈಗೆ ಕೊಟ್ಟೆ. ಅವರು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಬೆರಳನ್ನು ತಮ್ಮ ಮೂಗಿನ ಮೇಲೆ ಇಟ್ಟುಕೊಂಡು ಕೇಳಿದರು, "ಅಮ್ಮನ ಮೂಗುಬೊಟ್ಟು ಎಲ್ಲಪ್ಪಾ?"

ಕಪ್ಪು ಬಿಳುಪು ಫೋಟೊದಲ್ಲಿ ಮೂಗುಬೊಟ್ಟು ಅಂದರೆ ಏನು? ಹತ್ತು ಹನ್ನೆರಡು ಪಿಕ್ಸೆಲ್‌ನ ಒಂದು ಬಿಳಿ ಚುಕ್ಕೆ. ಧೂಳಿಗೂ ಅದಕ್ಕೂ ಯಂತ್ರಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ನನಗೂ ಆವತ್ತು ಗೊತ್ತಾಗಲಿಲ್ಲ. ಮೂಲ ಸ್ಕ್ಯಾನ್ ಅನ್ನೇ ಡಸ್ಟ್ ರಿಮೂವಲ್ ತಿಂದಿತ್ತು, ಹಾಗಾಗಿ ಫೈಲಿನಲ್ಲಿ ವಾಪಸ್ ತರುವ ದಾರಿಯೂ ಇರಲಿಲ್ಲ. ಪುಣ್ಯಕ್ಕೆ ಫೋಟೊ ಅವರ ಚೀಲದಲ್ಲೇ ಇತ್ತು. "ಅಮ್ಮಾ, ತಪ್ಪಾಯ್ತು, ಇನ್ನೊಂದು ಸಲ ಕೊಡಿ" ಅಂತ ಕೇಳಿ ಮತ್ತೆ ಸ್ಕ್ಯಾನ್ ಮಾಡಿದೆ. ಈ ಸಲ ಅವರನ್ನು ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂರಿಸಿಕೊಂಡೆ. ಮುಖವನ್ನು ಸ್ಕ್ರೀನ್ ತುಂಬ ದೊಡ್ಡದು ಮಾಡಿ ಒಂದೊಂದು ಚುಕ್ಕೆ ತೋರಿಸಿ ಕೇಳಿದೆ. ಇದು ಧೂಳು. ಇದೂ ಧೂಳು. ಇದು ಗಲ್ಲದ ಮೇಲಿನ ಹಚ್ಚೆ, ಬಿಡಪ್ಪಾ. ಅದನ್ನೂ ನಾನು ಕಲೆ ಅಂತಲೇ ಅಂದುಕೊಂಡಿದ್ದೆ.

ಅದಕ್ಕೇ ಹೇಳುತ್ತಿದ್ದೇನೆ. ಸ್ಕ್ಯಾನ್ ಮಾಡುವಾಗ ಡಸ್ಟ್ ರಿಮೂವಲ್, ಶಾರ್ಪನ್, ಆಟೊ ಎನ್‌ಹ್ಯಾನ್ಸ್ ಎಲ್ಲವನ್ನೂ ಆಫ್ ಮಾಡಿಸಿ. ಗೋಡೆ, ನೆಲ, ಪರದೆಗೆ ಹೀಲ್ ಸೆಲೆಕ್ಷನ್ ಧಾರಾಳವಾಗಿ ಬಳಸಿ. ಮುಖದಲ್ಲಿ, ಒಡವೆಯಲ್ಲಿ, ಕೈ ಬೆರಳಲ್ಲಿ ಬಳಸಬೇಡಿ. ಅಲ್ಲೆಲ್ಲ ಸಣ್ಣ ಬ್ರಷ್ ಹಿಡಿದು ಒಂದೊಂದೇ ಚುಕ್ಕೆ ನೋಡಿ ಮಾಡಿ. ಅಕಸ್ಮಾತ್ ಏನಾದರೂ ಅಳಿಸಿಹೋದರೆ ಮೇಲಿನ ಲೇಯರಿಗೆ ಬಿಳಿ ಮಾಸ್ಕ್ (ಲೇಯರಿನ ಯಾವ ಭಾಗ ಕಾಣಬೇಕು ಅಂತ ಹೇಳುವ ಮುಸುಕು) ಹಾಕಿ, ಆ ಜಾಗದಲ್ಲಿ ಕಪ್ಪು ಬಣ್ಣ ಬಳಿಯಿರಿ. ಕೆಳಗಿನ ಮೂಲ ಕಾಣಿಸಿಕೊಳ್ಳುತ್ತದೆ. ಡೂಪ್ಲಿಕೇಟ್ ಮಾಡಿ ಅಂದದ್ದು ಇದಕ್ಕೇ.

ಫೋಟೊ ಹಾಕಿದ ತಕ್ಷಣ ಮುಖ ಫಳಫಳ ಮಾಡಿಕೊಡುವ ಎಐ ಆ್ಯಪ್‌ಗಳೂ ಇವೆ. ನಿಮ್ಮ ಸ್ನೇಹಿತರು ಅದನ್ನೇ ಬಳಸು ಅಂದರು ಅಂತ ಬರೆದಿದ್ದೀರಿ. ದಯವಿಟ್ಟು ಈ ಫೋಟೊಗೆ ಬೇಡ. ಮಸುಕಾದ ಕಣ್ಣಿನಲ್ಲಿ ಇಲ್ಲದ ವಿವರವನ್ನು ಅದು ಎಲ್ಲಿಂದ ತರುತ್ತದೆ? ಬೇರೆ ಸಾವಿರಾರು ಮುಖ ನೋಡಿ ಕಲಿತದ್ದರಿಂದ ಅಂದಾಜು ಮಾಡಿ ತುಂಬುತ್ತದೆ. ರೆಪ್ಪೆ ಚೂಪಾಗುತ್ತದೆ, ಹಲ್ಲು ಸಾಲಾಗುತ್ತದೆ. ನೋಡಲು ಚೆಂದವೇ. ಆದರೆ ಅದು ನಿಮ್ಮ ಅಜ್ಜಿಯ ಕಣ್ಣಲ್ಲ. ಮಸುಕು ಇದ್ದರೆ ಇರಲಿ ಬಿಡಿ.

ಕೆಳಗೆ ಅಜ್ಜಿ, ಅಜ್ಜನ ಹೆಸರು ಕನ್ನಡದಲ್ಲಿ ಹಾಕಬೇಕು ಅಂದಿರಲ್ಲ, ಅದು ಸುಲಭ. ನುಡಿಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ತಂದು ಅಂಟಿಸಬೇಡಿ, ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಯೂನಿಕೋಡಿನಲ್ಲಿ ಟೈಪ್ ಮಾಡಿ, ನೋಟೊ ಸೆರಿಫ್ ಕನ್ನಡದಂಥ ಫಾಂಟ್ ಆರಿಸಿ. ಜಿಂಪ್‌ನಲ್ಲಿ ಒತ್ತಕ್ಷರ ಸರಿಯಾಗಿಯೇ ಕೂರುತ್ತದೆ.

ಇನ್ನು ಯಾರೂ ಉತ್ತರ ಕೊಡಲಿಲ್ಲ ಅಂದಿರಿ. ನೀವು ಅಲ್ಲಿ ಬರೆದದ್ದು 'ಪ್ಲಗಿನ್ ಬರ್ತಿಲ್ಲ, ಹೆಲ್ಪ್ ಮಾಡಿ' ಅಂತ ಅಷ್ಟೇ. ಸಹಾಯ ಮಾಡಬೇಕು ಅನ್ನುವವರಿಗೂ ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗುವುದಿಲ್ಲ. ಹೆಲ್ಪ್ ಮೆನುವಿನ ಅಬೌಟ್ ತೆರೆದು ಪೂರ್ತಿ ಆವೃತ್ತಿ ಸಂಖ್ಯೆ ಬರೆಯಿರಿ. ವಿಂಡೋಸ್ ಯಾವುದು, ಪ್ಲಗಿನ್ ಎಲ್ಲಿಂದ ಇಳಿಸಿದಿರಿ, ಯಾವ ಫೋಲ್ಡರಿನಲ್ಲಿ ಇಟ್ಟಿರಿ ಅಂತ ಹೇಳಿ. ಆ ಫೋಲ್ಡರಿನ ಸ್ಕ್ರೀನ್‌ಶಾಟ್ ಹಾಕಿ. ಮೊಬೈಲಿನಲ್ಲಿ ಓರೆಯಾಗಿ ತೆಗೆದ ಫೋಟೊ ಬೇಡ. ಜಿಂಪ್ ಒಳಗಿನ 'ವಿಂಡೋಸ್' ಅನ್ನುವ ಮೆನುವಿನ ಡಾಕಬಲ್ ಡೈಲಾಗ್ಸ್ ಒಳಗೆ ಎರರ್ ಕನ್ಸೋಲ್ ಅಂತ ಇದೆ. ಅಲ್ಲಿ ಏನಾದರೂ ಸಾಲು ಬಂದಿದ್ದರೆ ಇದ್ದ ಹಾಗೇ ಕಾಪಿ ಮಾಡಿ. ಫೋಟೊದ್ದು ಬಿರುಕಿರುವ ಒಂದು ತುಂಡನ್ನು ಮಾತ್ರ ಕತ್ತರಿಸಿ ಹಾಕಿ. ಮನೆಯವರ ಪೂರ್ತಿ ಫೋಟೊ ಎಲ್ಲರ ಕಣ್ಣಿಗೆ ಇಡಬೇಕಿಲ್ಲ. ಇಷ್ಟಿದ್ದರೆ ಗೊತ್ತಿದ್ದವರು ಎರಡು ಸಾಲಿನಲ್ಲೇ ಹೇಳಿಬಿಡುತ್ತಾರೆ. ಇಲ್ಲೇ ಕೆಳಗೆ ಹಾಕಿದರೂ ಸರಿ, ರಾತ್ರಿ ಅಂಗಡಿ ಮುಚ್ಚಿದ ಮೇಲೆ ನೋಡುತ್ತೇನೆ.

ಬಿರುಕು ಅಜ್ಜಿಯ ಕೊರಳಿನ ಮೇಲೆ ಹಾದುಹೋಗಿದೆ ಅಂತ ಬರೆದಿದ್ದೀರಿ. ಆ ಜಾಗವನ್ನು ಕೊನೆಗೆ ಇಟ್ಟುಕೊಳ್ಳಿ. ಹುಟ್ಟುಹಬ್ಬದ ದಿನವೇ ತೋರಿಸಿ ಖುಷಿಪಡಿಸಬೇಕು ಅಂತ ಇರಬಹುದು, ಆದರೂ ಫೋಟೊ ತೋರಿಸದೆಯೇ ಮಾತಿನ ನಡುವೆ ಕೇಳಿ: ಮದುವೆ ದಿನ ಅವರ ಕೊರಳಲ್ಲಿ ಏನೇನಿತ್ತು, ಸರ ಒಂದೆಳೆಯದೋ ಎರಡೆಳೆಯದೋ, ಅದನ್ನು ಯಾರು ಮಾಡಿಸಿಕೊಟ್ಟದ್ದು ಅಂತ. ಅವರು ಹೇಳಿದ್ದನ್ನು ಬರೆದಿಟ್ಟುಕೊಂಡು, ಆಮೇಲೆ ಆ ಜಾಗಕ್ಕೆ ಕ್ಲೋನ್ ಟೂಲ್ ಹಿಡಿಯಿರಿ.