ಮನೋವೈದ್ಯಶಾಸ್ತ್ರ ಆರಿಸಿಕೊಳ್ಳಲೇ?

ಪ್ರಶ್ನೆ: ನಾನು ಎಂ.ಬಿ.ಬಿ.ಎಸ್. ಕೊನೆಯ ವರ್ಷದ ವಿದ್ಯಾರ್ಥಿನಿ. ಸೈಕಿಯಾಟ್ರಿಯಲ್ಲಿ ಎಂ.ಡಿ. ಮಾಡುವ ಆಸೆಯಿದೆ. ‘ರ‍್ಯಾಂಕ್ ಬಾರದವರು ತೆಗೆದುಕೊಳ್ಳುವ ಬ್ರಾಂಚ್ ಅದು’ ಎಂದು ಸಹಪಾಠಿಗಳು ನಗುತ್ತಾರೆ. ‘ಹುಚ್ಚರ ಡಾಕ್ಟರ್ ಅನ್ನಿಸಿಕೊಳ್ಳಲು ಇಷ್ಟು ಓದಬೇಕಿತ್ತೇ? ನಾಳೆ ಗಂಡು ನೋಡುವಾಗ ಏನೆಂದು ಹೇಳುವುದು?’ ಎಂಬುದು ಅಮ್ಮನ ಚಿಂತೆ. ನನಗೂ ಒಮ್ಮೊಮ್ಮೆ ಅಳುಕಾಗುತ್ತದೆ. ಏನು ಮಾಡಲಿ?
— ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮ ಅಳುಕು ಹೊಸದೂ ಅಲ್ಲ, ನಿಮ್ಮೊಬ್ಬರದೂ ಅಲ್ಲ. ವೈದ್ಯಕೀಯ ವಿದ್ಯಾರ್ಥಿಗಳು ಮನೋವೈದ್ಯಶಾಸ್ತ್ರವನ್ನು ಹೇಗೆ ಕಾಣುತ್ತಾರೆಂದು ಅಳೆಯುವುದಕ್ಕೆಂದೇ 1982ರಲ್ಲಿ ಕೆನಡಾದಲ್ಲಿ 30 ಹೇಳಿಕೆಗಳ ಪ್ರಶ್ನಾವಳಿಯೊಂದು ರೂಪುಗೊಂಡಿತು. ಭಾರತದ ಸಂಶೋಧಕರೂ ಅದನ್ನು ಬಳಸಿದ್ದಾರೆ. ಸೈಕಿಯಾಟ್ರಿ ಪಾಠ ಹೇಳುತ್ತಾ ನನಗೆ ಮನದಟ್ಟಾದದ್ದೇನೆಂದರೆ, ಬಹುಪಾಲು ವಿದ್ಯಾರ್ಥಿಗಳಿಗೆ ಈ ವಿಷಯದ ಬಗ್ಗೆ ತಾತ್ಸಾರವಿಲ್ಲ; ಅವರು ಅದನ್ನು ಎದುರುಗೊಳ್ಳುವ ಜಾಗ ಮತ್ತು ಹೊತ್ತು ಸರಿಯಿಲ್ಲ.

ಕೆಲವೇ ವಾರಗಳ ಪೋಸ್ಟಿಂಗಿನಲ್ಲಿ ಅವರು ನೋಡುವುದು ಹೆಚ್ಚಾಗಿ ಒಳರೋಗಿಗಳನ್ನು, ಅಂದರೆ ಕಾಯಿಲೆ ಉಲ್ಬಣಿಸಿ, ರಾತ್ರಿಯೆಲ್ಲ ನಿದ್ದೆಗೆಟ್ಟ ಮನೆಯವರು ಬೇರೆ ದಾರಿ ಕಾಣದೆ ಕರೆತಂದವರನ್ನು. ಅದೇ ರೋಗಿ ತಿಂಗಳುಗಳ ಬಳಿಕ, ಮನಸ್ಸಿನ ಅತಿಯಾದ ಏರಿಳಿತ ತಡೆಯುವ ಲಿಥಿಯಂ ಮಾತ್ರೆ ತಪ್ಪಿಸದೆ ತೆಗೆದುಕೊಳ್ಳುತ್ತಾ, ತನ್ನ ಅಂಗಡಿಯ ಲೆಕ್ಕ ತಾನೇ ಬರೆಯುವಷ್ಟು ಚೇತರಿಸಿಕೊಂಡು ಓ.ಪಿ.ಡಿ.ಗೆ ಬರುವ ಹೊತ್ತಿಗೆ ವಿದ್ಯಾರ್ಥಿ ಕಣ್ಣಿನ ವಿಭಾಗದಲ್ಲಿರುತ್ತಾನೆ. ಇನ್ನು ಅಂತಿಮ ಪರೀಕ್ಷೆಯಲ್ಲಿ ನಮಗೆ ಪ್ರತ್ಯೇಕ ಪತ್ರಿಕೆಯಿಲ್ಲ, ಜನರಲ್ ಮೆಡಿಸಿನ್ ಪತ್ರಿಕೆಯೊಳಗೇ ಒಂದಿಷ್ಟು ಜಾಗ. ಪರೀಕ್ಷೆಗೆ ಬಾರದ್ದನ್ನು ಓದುವ ಅಭ್ಯಾಸ ನಮ್ಮ ಕಾಲದಲ್ಲೂ ಇರಲಿಲ್ಲ ಬಿಡಿ. ಇದರ ಮೇಲೆ, ‘ತಪಾಸಣೆಯಲ್ಲಿ ಏನೂ ಸಿಗಲಿಲ್ಲವೇ? ಸೈಕಿಯಾಟ್ರಿಗೆ ಕಳಿಸಿ’ ಎಂದು ಬೇರೆ ವಿಭಾಗದ ಹಿರಿಯರು ರೌಂಡ್ಸಿನಲ್ಲಿ ನಗುವುದಿದೆಯಲ್ಲ, ಅದು ಸಿನಿಮಾಗಳಿಗಿಂತ ಹೆಚ್ಚು ಹಾನಿ ಮಾಡಿದೆ ಎಂಬುದು ನನ್ನ ಅಭಿಪ್ರಾಯ. ಸಿನಿಮಾದ ‘ಕರೆಂಟ್ ಶಾಕ್’ ದೃಶ್ಯ ಸುಳ್ಳೆಂದು ವಿದ್ಯಾರ್ಥಿಗೆ ತಿಳಿಸಿಕೊಡಬಹುದು: ಅರಿವಳಿಕೆಯಿಲ್ಲದೆ, ಸ್ನಾಯು ಸಡಿಲಿಸುವ ಔಷಧವಿಲ್ಲದೆ ಆ ಚಿಕಿತ್ಸೆ ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ನಿಷೇಧಿಸಿದೆ. ಗುರುಗಳ ನಗೆಯನ್ನು ಹಾಗೆ ಅಳಿಸಲಾಗುವುದಿಲ್ಲ.

ಸಹಪಾಠಿಗಳ ಮಾತು ಪೂರ್ತಿ ಸುಳ್ಳೆಂದು ಹೇಳಲಾರೆ. ಸೀಟು ಹಂಚುವ ಕೌನ್ಸೆಲಿಂಗಿನಲ್ಲಿ ರೇಡಿಯಾಲಜಿ, ಚರ್ಮರೋಗ, ಜನರಲ್ ಮೆಡಿಸಿನ್ ಸೀಟುಗಳು ಮೊದಲು ಹೋಗುತ್ತವೆ. ಆದರೆ ಸೀಟಿಗಿರುವ ಬೇಡಿಕೆಯೇ ಬೇರೆ, ರೋಗಿಗಳಿಗಿರುವ ಅಗತ್ಯವೇ ಬೇರೆ. ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಕಾಯಿಲೆ ಯಾವುದೆಂಬುದನ್ನು ಅನುಸರಿಸಿ ಶೇ. 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. 1980ರ ದಶಕದಲ್ಲಿ ಬಳ್ಳಾರಿಯಲ್ಲಿ ನಡೆದ ಮಾನಸಿಕ ಆರೋಗ್ಯ ಸೇವೆಯ ಪ್ರಯೋಗವನ್ನು ಮಾದರಿಯಾಗಿಟ್ಟುಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಯೋಜನೆಯಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೂ ಮನೋವೈದ್ಯರು ಹೋಗುವ ವ್ಯವಸ್ಥೆಯಾಯಿತು. ಎಂ.ಡಿ. ಮುಗಿಸಿದವರಿಗೆ ಕೆಲಸದ ಕೊರತೆಯಂತೂ ಇಲ್ಲ. ಶಸ್ತ್ರಚಿಕಿತ್ಸಕರ ಗಳಿಕೆಯನ್ನು ಮಾತ್ರ ನಿರೀಕ್ಷಿಸಬೇಡಿ, ಏಕೆಂದರೆ ಇಲ್ಲಿ ವೆಚ್ಚವಾಗುವುದು ಉಪಕರಣವಲ್ಲ, ನಿಮ್ಮ ಸಮಯ. ರೋಗಿಯ ಆತ್ಮಹತ್ಯೆಯಂತಹ ಆಘಾತವನ್ನೂ ಈ ವೃತ್ತಿಯಲ್ಲಿ ಎದುರಿಸಬೇಕಾಗಬಹುದು. ಅದನ್ನು ನಿಮ್ಮಿಂದ ಮುಚ್ಚಿಡುವುದು ಸರಿಯಲ್ಲ.

ಅಮ್ಮನೊಡನೆ ವಾದಕ್ಕಿಳಿಯಬೇಡಿ. ಹೆರಿಗೆಯ ನಂತರ ಮಂಕಾದ ಸೊಸೆ, ಕುಡಿತ ಬಿಡಲಾಗದ ಭಾವ, ಮರೆವು ಹತ್ತಿದ ಅಜ್ಜ, ಪರೀಕ್ಷೆಯ ಭಯಕ್ಕೆ ಊಟ ಬಿಟ್ಟ ಹುಡುಗ, ಇವರೆಲ್ಲ ನಮ್ಮ ಬಳಿಗೇ ಬರುವವರೆಂದು ಹೇಳಿ. ಅಂಥವರೊಬ್ಬರು ನೆಂಟರಿಷ್ಟರಲ್ಲಿ ಅವರಿಗೂ ನೆನಪಾದಾರು. ನೀವು ಮಾತ್ರ ಈಗಲೇ ನಿರ್ಧರಿಸಬೇಕಿಲ್ಲ. ಇಂಟರ್ನ್‌ಶಿಪ್‌ನಲ್ಲಿ ಸೈಕಿಯಾಟ್ರಿ ಸರದಿ ಬಂದಾಗ ವಾರ್ಡಿಗಿಂತ ಹೆಚ್ಚಾಗಿ ಫಾಲೋ-ಅಪ್ ಓ.ಪಿ.ಡಿ.ಯಲ್ಲಿ ಕುಳಿತುಕೊಳ್ಳಿ, ಒಬ್ಬಿಬ್ಬರು ರೋಗಿಗಳ ಹಳೆಯ ಕೇಸ್ ಶೀಟ್ ತರಿಸಿಕೊಂಡು ಮೊದಲ ದಿನದ ಟಿಪ್ಪಣಿ ಓದಿ, ಆಮೇಲೆ ಎದುರಿಗೆ ಕುಳಿತವರನ್ನು ಮಾತನಾಡಿಸಿ. ಆ ಕೆಲಸ ಬೇಸರ ತಂದರೆ ಬೇರೆ ಬ್ರಾಂಚ್ ನೋಡಿಕೊಳ್ಳಿ.