ಮಂಜೂರಾದ ಪ್ಲಾನ್ ಇದ್ದರೂ ಕಟ್ಟಡವನ್ನು ಯಾವಾಗ, ಯಾರು ನೋಡಬೇಕು?

ಬೆಂಗಳೂರಲ್ಲಿ 30×40 ಸೈಟ್, ಪ್ಲಾನ್ ಮಂಜೂರಾಗಿದೆ, ಮುಂದಿನ ವಾರ ಪಾಯ ತೆಗೆಯುತ್ತೇವೆ ಎಂದಿದ್ದೀರಿ. ಕಾರ್ಪೊರೇಷನ್‌ನವರು ಯಾವ ಯಾವ ಹಂತದಲ್ಲಿ ಬಂದು ನೋಡಬೇಕು, ಯಾರೂ ಬರದಿದ್ದರೆ ಕೆಲಸ ನಿಲ್ಲಿಸಬೇಕಾ ಅನ್ನುವುದು ನಿಮ್ಮ ಪ್ರಶ್ನೆ. ನಾನು ಸ್ಟ್ರಕ್ಚರಲ್ ಇಂಜಿನಿಯರ್, ನನ್ನ ಅರ್ಧ ದಿನ ಸೈಟ್‌ನಲ್ಲೇ ಕಳೆಯುತ್ತದೆ. ಕಾನೂನಿನ ಮಾತು ಚಿಕ್ಕದು, ಅದನ್ನು ಮೊದಲು ಹೇಳಿಬಿಡುತ್ತೇನೆ.

2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಮೀರತ್‌ನ ಒಂದು ಪ್ರಕರಣದಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಸೂಚನೆಗಳನ್ನು ಕೊಟ್ಟಿತು. ಮಂಜೂರಾದ ಪ್ಲಾನನ್ನು ಕೆಲಸ ಮುಗಿಯುವವರೆಗೂ ಸೈಟ್‌ನಲ್ಲಿ ಕಾಣುವಂತೆ ಹಾಕಿರಬೇಕು. ಅಧಿಕಾರಿಗಳು ಆಗಾಗ ಬಂದು ನೋಡಿ, ನೋಡಿದ್ದನ್ನು ದಾಖಲೆ ಮಾಡಬೇಕು. ಕರೆಂಟ್, ನೀರು, ಒಳಚರಂಡಿ ಸಂಪರ್ಕವನ್ನು ಕಟ್ಟಡ ಮುಗಿದ ಪ್ರಮಾಣಪತ್ರ ಅಥವಾ ಓಸಿ (ವಾಸಕ್ಕೆ ಅನುಮತಿ ಕೊಡುವ ಪ್ರಮಾಣಪತ್ರ) ನೋಡಿಯೇ ಕೊಡಬೇಕು. ಇದಾದ ಮೇಲೆ 2025ರಲ್ಲಿ ನಮ್ಮಲ್ಲಿ ಎಷ್ಟೋ ಮನೆಗಳು ಕಟ್ಟಿ ಮುಗಿದರೂ ಮೀಟರ್ ಇಲ್ಲದೆ ನಿಂತವು. ಆಮೇಲೆ ರಾಜ್ಯ ಸರ್ಕಾರ 1,200 ಚದರ ಅಡಿವರೆಗಿನ ಸೈಟ್‌ನಲ್ಲಿ ನೆಲ ಮತ್ತು ಎರಡು ಮಹಡಿ, ಅಥವಾ ಸ್ಟಿಲ್ಟ್ (ಪಿಲ್ಲರ್ ಮೇಲೆ ನಿಂತ, ಗಾಡಿ ನಿಲ್ಲಿಸುವ ಕೆಳಹಂತ) ಮತ್ತು ಮೂರು ಮಹಡಿಯ ವಾಸದ ಮನೆಗಳಿಗೆ ಓಸಿಯಿಂದ ವಿನಾಯಿತಿ ಕೊಟ್ಟಿತು. ನಿಮ್ಮ ಸೈಟ್ ಅಷ್ಟೇ ಇದೆ. ಆದರೆ ಪ್ಲಾನ್ ಪ್ರಕಾರವೇ ಕಟ್ಟಬೇಕು ಅನ್ನುವುದಕ್ಕೆ ವಿನಾಯಿತಿ ಇಲ್ಲ. ಪ್ಲಾನ್ ಹಾಳೆಯ ಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಷರತ್ತುಗಳನ್ನು ಅಚ್ಚು ಹಾಕಿರುತ್ತಾರೆ. ಒಮ್ಮೆ ಕೂತು ಪೂರ್ತಿ ಓದಿ. ಕೆಲಸ ಶುರುವಾಗುವ ದಿನವನ್ನು ಬರೆದು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಯಾರೂ ಬರದಿದ್ದರೂ ನೀವು ತಿಳಿಸಿದ್ದೀರಿ ಅನ್ನುವುದಕ್ಕೆ ಒಂದು ಕಾಗದ ಇರುತ್ತದೆ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಕಾರ್ಪೊರೇಷನ್‌ನವರು ಬಂದರೂ ಮುಖ್ಯವಾಗಿ ಟೇಪ್ ಹಿಡಿಯುತ್ತಾರೆ. ಎಷ್ಟು ಜಾಗ ಬಿಟ್ಟಿದ್ದೀರಿ, ಎಷ್ಟು ಮಹಡಿ ಅಂತ ನೋಡುತ್ತಾರೆ. ನಿಮ್ಮ ಮೋಲ್ಡ್ (ಛಾವಣಿಯ ಕಾಂಕ್ರೀಟ್) ಒಳಗೆ ಕಂಬಿ ಸರಿಯಾಗಿ ಕೂತಿದೆಯಾ ಅಂತ ನೋಡುವುದು ನೀವು ದುಡ್ಡು ಕೊಟ್ಟು ಕರೆಸುವ ಇಂಜಿನಿಯರ್ ಕೆಲಸ. ಅದು ಕಾಂಕ್ರೀಟ್ ಬೀಳುವ ಮುಂಚೆ ಆಗಬೇಕು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ನಮ್ಮ ಊರಿನ ಮನೆ. ನಾನು ಓದುತ್ತಿದ್ದಾಗ ಅಪ್ಪ ಕಟ್ಟಿಸಿದ್ದು. ಮೇಸ್ತ್ರಿ ಒಳ್ಳೆಯವರೇ, ಸಿಮೆಂಟ್‌ನಲ್ಲಿ ಮೋಸ ಮಾಡಿದವರಲ್ಲ. ಏಳೆಂಟು ವರ್ಷದ ಮೇಲೆ ಬಾಲ್ಕನಿ ಗೋಡೆಗೆ ಸೇರುವ ಜಾಗದಲ್ಲಿ, ಮೇಲ್ಭಾಗದಲ್ಲಿ ಉದ್ದಕ್ಕೆ ಬಿರುಕು ಬಂತು. ಒಡೆದು ನೋಡಿದರೆ ಕಂಬಿಯೆಲ್ಲ ಸ್ಲ್ಯಾಬ್‌ನ ತಳದಲ್ಲಿತ್ತು. ಹೊರಗೆ ಚಾಚಿದ ಸ್ಲ್ಯಾಬ್ ತುದಿಯಲ್ಲಿ ಬಾಗುತ್ತದೆ, ಆಗ ಎಳೆತ ಬೀಳುವುದು ಮೇಲ್ಭಾಗಕ್ಕೆ. ಅದಕ್ಕೇ ಅಲ್ಲಿ ಮುಖ್ಯ ಕಂಬಿ ಮೇಲೆ ಇರಬೇಕು. ಬಾರ್ ಬೆಂಡರ್ ಮೇಲೆಯೇ ಕಟ್ಟಿದ್ದನಂತೆ. ಕಾಂಕ್ರೀಟ್ ಹಾಕುವಾಗ ಬಾಂಡ್ಲಿ ಹೊತ್ತವರು ಅದರ ಮೇಲೆ ಓಡಾಡಿದ್ದಾರೆ, ಕೆಳಗೆ ಚೇರ್ (ಮೇಲಿನ ಕಂಬಿಯನ್ನು ಎತ್ತಿ ಹಿಡಿಯುವ ಬಗ್ಗಿಸಿದ ಕಂಬಿ) ಇಟ್ಟಿರಲಿಲ್ಲ, ಕಂಬಿ ತಳಕ್ಕೆ ಕೂತಿದೆ. ಅಮ್ಮ ದಿನಾ ಬಟ್ಟೆ ಒಣಹಾಕುತ್ತಿದ್ದ ಬಾಲ್ಕನಿ ಅದು. ಪೂರ್ತಿ ಕಿತ್ತು ಹಾಕಿಸಿದೆವು. ಅವತ್ತು ಯಾರಾದರೂ ಹತ್ತು ನಿಮಿಷ ನಿಂತು ನೋಡಿದ್ದರೆ ಸಾಕಿತ್ತು.

ಹಾಗಾಗಿ ಯಾವುದು ಮುಚ್ಚಿಹೋಗುತ್ತದೋ ಅದನ್ನು ಮುಚ್ಚುವ ಮುಂಚೆ ನೋಡಿಸಿ. ಪಾಯದಲ್ಲಿ ಮೊದಲು ಮಣ್ಣು. ಎಲ್ಲೋ ಒಂದು ಗುಂಡಿಯಲ್ಲಿ ಹಳೆಯ ಕಸ, ತುಂಬಿದ ಮಣ್ಣು ಸಿಗುತ್ತದೆ, ಅಲ್ಲಿ ಗಟ್ಟಿ ನೆಲ ಸಿಗುವವರೆಗೆ ಅಗೆಯಬೇಕು. ಆಮೇಲೆ ಫುಟಿಂಗ್ (ಪಿಲ್ಲರ್ ಕೂರುವ ಪಾಯದ ಕಾಂಕ್ರೀಟ್) ಕಂಬಿ. ಸುತ್ತ 50 ಮಿಲಿಮೀಟರ್ ಕವರ್, ಅಂದರೆ ಕಂಬಿಯ ಹೊರಗಿನ ಕಾಂಕ್ರೀಟ್ ದಪ್ಪ, ಇರಬೇಕು, ಪಿಲ್ಲರ್‌ಗೆ 40, ಸ್ಲ್ಯಾಬ್‌ಗೆ 20. ಕವರ್ ಬ್ಲಾಕ್ ಬದಲು ಜಲ್ಲಿ ಚೂರು ಇಟ್ಟಿದ್ದರೆ ತೆಗೆಸಿ. ಪಿಲ್ಲರ್ ಕಂಬಿಗಳ ಸುತ್ತ ಕಟ್ಟುವ ರಿಂಗ್‌ನ ತುದಿ 135 ಡಿಗ್ರಿಗೆ ಒಳಕ್ಕೆ ಬಗ್ಗಿರಲಿ. ನನ್ನ ಸೈಟ್‌ನಲ್ಲಿ 90 ಡಿಗ್ರಿಗೆ ಬಗ್ಗಿಸಿ ಬಿಟ್ಟರೆ ನಾನು ಒಪ್ಪುವುದಿಲ್ಲ. ಪ್ಲಿಂತ್ (ಮನೆಯ ನೆಲದ) ಮಟ್ಟಕ್ಕೆ ಬಂದಾಗ ನಾಲ್ಕೂ ಕಡೆ ನೀವೇ ಟೇಪ್ ಹಿಡಿದು, ಬಿಟ್ಟ ಜಾಗವನ್ನು ಪ್ಲಾನ್ ಜೊತೆ ತಾಳೆ ನೋಡಿ. ತಪ್ಪಾಗಿದ್ದರೆ ಸರಿ ಮಾಡಲು ಅದೇ ಕೊನೆಯ ಅಗ್ಗದ ಅವಕಾಶ. ಗೆದ್ದಲಿನ ಔಷಧಿಯೂ ನೆಲದ ಕಾಂಕ್ರೀಟ್‌ಗೆ ಮುಂಚೆಯೇ ಆಗಬೇಕು.

ಮೋಲ್ಡ್ ದಿನದ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಇಂಜಿನಿಯರನ್ನು ಮೋಲ್ಡ್ ಹಾಕುವ ಬೆಳಿಗ್ಗೆ ಕರೆಸಬೇಡಿ, ಹಿಂದಿನ ದಿನ ಮಧ್ಯಾಹ್ನವೇ ಕರೆಸಿ. ಬೆಳಿಗ್ಗೆ ಹೊತ್ತಿಗೆ ಮಿಕ್ಸರ್ ಬಂದಿರುತ್ತದೆ, ಇಪ್ಪತ್ತು ಜನ ಕೂಲಿಯವರು ನಿಂತಿರುತ್ತಾರೆ, ಪೂಜೆ ಆಗಿರುತ್ತದೆ. ಆಗ ತಪ್ಪು ಕಂಡರೂ ನಿಲ್ಲಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ಹಿಂದಿನ ದಿನವಾದರೆ ಚೇರ್ ಇಡುವುದಕ್ಕೆ, ಸೆಂಟ್ರಿಂಗ್ ಕಂಬ ಅಲ್ಲಾಡುತ್ತಿದ್ದರೆ ಬಿಗಿ ಮಾಡುವುದಕ್ಕೆ, ಕರೆಂಟ್ ಪೈಪ್‌ಗಳು ಒಂದೇ ಕಡೆ ಗುಂಪಾಗಿದ್ದರೆ ಬಿಡಿಸುವುದಕ್ಕೆ ಸಮಯ ಇರುತ್ತದೆ. ಕಾಂಕ್ರೀಟ್ ಹಾಕುವಾಗ ಒಬ್ಬರು ನಿಂತೇ ಇರಲಿ. ಹರಿಯಲಿ ಅಂತ ನೀರು ಸುರಿಯುವುದನ್ನು ತಡೆಯಿರಿ. ಅದರಿಂದ ಕಾಂಕ್ರೀಟ್ ಬಲ ಕಡಿಮೆಯಾಗುತ್ತದೆ. ಕ್ಯೂಬ್ ಹಾಕಿಸಿ, ಅಂದರೆ ಪರೀಕ್ಷೆಗೆ ಅದೇ ಕಾಂಕ್ರೀಟ್‌ನ ಘನಾಕಾರದ ತುಂಡು. ಭಾರತೀಯ ಮಾನಕ 456ರ ಪ್ರಕಾರ 6ರಿಂದ 15 ಘನ ಮೀಟರ್ ಕಾಂಕ್ರೀಟ್‌ಗೆ ಎರಡು ಸ್ಯಾಂಪಲ್, ಒಂದೊಂದಕ್ಕೆ ಮೂರು ಕ್ಯೂಬ್. 28 ದಿನದ ಮೇಲೆ ಲ್ಯಾಬ್‌ನಲ್ಲಿ ಒಡೆಸಿದರೆ ಬಲ ಗೊತ್ತಾಗುತ್ತದೆ. ಇಡೀ ಮನೆಯ ಖರ್ಚಿನ ಮುಂದೆ ಅದು ಏನೂ ಅಲ್ಲ.

ಸೆಂಟ್ರಿಂಗ್ ಬಿಚ್ಚಲು ಅವಸರ ಮಾಡುತ್ತಾರೆ, ಬೇರೆ ಸೈಟ್‌ಗೆ ಹಲಗೆ ಬೇಕಿರುತ್ತದೆ. 4.5 ಮೀಟರ್‌ವರೆಗಿನ ಸ್ಲ್ಯಾಬ್‌ಗೆ ಕೆಳಗಿನ ಕಂಬ ಕನಿಷ್ಠ 7 ದಿನ, ಅದಕ್ಕಿಂತ ಅಗಲ ಇದ್ದರೆ 14 ದಿನ ಇರಬೇಕು. ಬೀಮ್‌ಗೆ 6 ಮೀಟರ್‌ವರೆಗೆ 14, ಆಚೆಗೆ 21. ಇದು ಓಪಿಸಿ (ಸಾಮಾನ್ಯ ಪೋರ್ಟ್‌ಲ್ಯಾಂಡ್) ಸಿಮೆಂಟ್ ಲೆಕ್ಕ. ಮನೆ ಕೆಲಸಕ್ಕೆ ಸಾಮಾನ್ಯವಾಗಿ ತರುವ ಪಿಪಿಸಿ (ಹಾರುಬೂದಿಯಂಥದ್ದು ಬೆರೆಸಿದ ಸಿಮೆಂಟ್) ನಿಧಾನವಾಗಿ ಬಲ ಪಡೆಯುತ್ತದೆ, ಇನ್ನಷ್ಟು ದಿನ ಬಿಡಿ. ಕ್ಯೂರಿಂಗ್ (ನೀರು ಹಾಕಿ ಹಸಿಯಾಗಿ ಇಡುವುದು) ಕೂಡ ಪಿಪಿಸಿಗೆ 10 ದಿನಕ್ಕೆ ಕಡಿಮೆ ಬೇಡ.

ಬಾತ್‌ರೂಮಿನಲ್ಲಿ ಟೈಲ್ಸ್ ಹಾಕುವ ಮುಂಚೆ ನೀರಿನ ಪೈಪ್‌ಗೆ ಒತ್ತಡ ಕೊಟ್ಟು ನೋಡಿಸಿ, ಅಲ್ಲಿನ ತಗ್ಗಿಸಿದ ನೆಲದಲ್ಲಿ ಎರಡು ಮೂರು ದಿನ ನೀರು ನಿಲ್ಲಿಸಿ, ಸೋರುತ್ತದಾ ನೋಡಿ. ಪ್ಲಾಸ್ಟರ್ ಆಗುವ ಮುಂಚೆ ಎಲ್ಲಾ ಗೋಡೆಯ ಫೋಟೊ ತೆಗೆದಿಡಿ, ಮುಂದೆ ಮೊಳೆ ಹೊಡೆಯುವಾಗ ಬೇಕಾಗುತ್ತದೆ.

ಇದಕ್ಕೆಲ್ಲ ಕಾಂಟ್ರಾಕ್ಟರ್ ಬೇಜಾರು ಮಾಡಿಕೊಂಡರೆ ಅಂತ ನಿಮಗೆ ಅನ್ನಿಸಬಹುದು. ಆದ್ದರಿಂದ ಈಗಲೇ, ಪಾಯಕ್ಕೆ ಮುಂಚೆ, ಒಪ್ಪಂದದಲ್ಲಿ ಬರೆಸಿಬಿಡಿ: ಇಂಜಿನಿಯರ್ ನೋಡಿ ಸಹಿ ಹಾಕದೆ ಕಾಂಕ್ರೀಟ್ ಹಾಕುವಂತಿಲ್ಲ, ಆ ಹಂತದ ಹಣವೂ ಸಹಿ ಆದ ಮೇಲೆ. ಮೊದಲೇ ಹೇಳಿದ್ದನ್ನು ಯಾವ ಒಳ್ಳೆಯ ಮೇಸ್ತ್ರಿಯೂ ತಪ್ಪು ತಿಳಿಯುವುದಿಲ್ಲ. ಸೈಟ್‌ನಲ್ಲಿ ಒಂದು ನೋಟ್‌ಬುಕ್ ಇಡಿ, ಯಾರು ಯಾವತ್ತು ಬಂದರು, ಏನು ಹೇಳಿದರು ಅಂತ ಅದರಲ್ಲೇ ಬರೆಸಿ.

ಫುಟಿಂಗ್ ಕಂಬಿ ಕಟ್ಟಿದ ಮೇಲೆ ಡ್ರಾಯಿಂಗ್ ಜೊತೆ ನಾಲ್ಕು ಫೋಟೊ ಇಲ್ಲೇ ಹಾಕಿ. ನಿಮ್ಮ ಇಂಜಿನಿಯರ್ ಜಾಗಕ್ಕೆ ಬಂದು ನೋಡುವುದಕ್ಕೆ ಅದು ಸಮ ಅಲ್ಲ, ಆದರೂ ಕಣ್ಣಿಗೆ ಬಿದ್ದದ್ದನ್ನು ಖಂಡಿತ ಹೇಳುತ್ತೇನೆ.